ಕಾರಿನ ಒಳಾಂಗಣಕ್ಕೆ ವಿನೈಲ್ ಹೊದಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬಾಗಿಲಿನ ಸ್ವಿಚ್ ಪ್ಯಾನೆಲ್, ಗೇರಿನ ಸುತ್ತಲಿನ ಚೌಕಟ್ಟು, ಡ್ಯಾಶ್‌ಬೋರ್ಡಿನ ಅಡ್ಡಪಟ್ಟಿ ಮೊದಲಾದ ಪ್ಲಾಸ್ಟಿಕ್ ಭಾಗಗಳು ಗೀರು ಬಿದ್ದು ಮಾಸಿದಾಗ ಅವುಗಳಿಗೆ ವಿನೈಲ್ ಫಿಲ್ಮ್ ಹೊದಿಸುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಓದುಗರು ಕೇಳಿದ್ದಾರೆ. ಖಂಡಿತ ಮಾಡಿಕೊಳ್ಳಬಹುದು. ನನ್ನ ಎರಡು ಕಾರುಗಳಿಗೆ ನಾನೇ ಮಾಡಿಕೊಂಡಿದ್ದೇನೆ. ಮೊದಲನೆಯ ಕಾರಿನಲ್ಲಿ ಕೆಲವು ಪ್ಯಾನೆಲ್‌ಗಳನ್ನು ಎರಡೆರಡು ಸಲ ಮಾಡಬೇಕಾಯಿತು, ಎರಡನೆಯದರಲ್ಲಿ ಆ ಪ್ರಮೇಯ ಬರಲಿಲ್ಲ. ಆ ನಡುವೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ಅಂಗಡಿಯಲ್ಲಿ ನೋಡಲು ಒಂದೇ ತರಹ ಇರುವ ಎರಡು ಕಪ್ಪು ಮ್ಯಾಟ್ ಫಿಲ್ಮ್‌ಗಳನ್ನು ತೋರಿಸಿದರು. ಒಂದರ ಬೆಲೆ ಇನ್ನೊಂದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಒಳಭಾಗಕ್ಕೆ ಮಳೆ ಬಿಸಿಲು ತಾಗುವುದಿಲ್ಲವಾದ್ದರಿಂದ ಅಗ್ಗದ್ದೇ ಸಾಕಲ್ಲವೇ? — ಓದುಗರು, ತುಮಕೂರು

ಉತ್ತರ: ಎರಡೂ ಪಿವಿಸಿ, ಅಂದರೆ ವಿನೈಲ್ ಪ್ಲಾಸ್ಟಿಕ್ಕಿನ ಫಿಲ್ಮ್‌ಗಳೇ. ಆದರೆ ಅವು ತಯಾರಾಗುವ ಬಗೆ ಬೇರೆ, ಬೆಲೆಯ ವ್ಯತ್ಯಾಸವೂ ಅಲ್ಲಿಂದಲೇ ಬರುತ್ತದೆ. ದುಬಾರಿಯಾದ ಫಿಲ್ಮನ್ನು ಕಾಸ್ಟ್ ಫಿಲ್ಮ್ ಎನ್ನುತ್ತಾರೆ. ದ್ರವರೂಪದ ಪಿವಿಸಿಯನ್ನು ನುಣುಪಾದ ಹಾಳೆಯ ಮೇಲೆ ತೆಳುವಾಗಿ ಹರಡಿ, ಒಲೆಯಲ್ಲಿ ಹಾಯಿಸಿ ಒಣಗಿಸಿ ಅದನ್ನು ಮಾಡುತ್ತಾರೆ. ಅಗ್ಗದ್ದು ಕ್ಯಾಲೆಂಡರ್ಡ್ ಫಿಲ್ಮ್. ಅದನ್ನು ಬಿಸಿ ಮಾಡಿದ ಮುದ್ದೆಯಿಂದ, ದೊಡ್ಡ ದೊಡ್ಡ ಉರುಳೆಗಳ ನಡುವೆ ಒತ್ತಿ ಎಳೆದು ಹಾಳೆಯಾಗಿಸುತ್ತಾರೆ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ನೀರುದೋಸೆ, ಎರಡನೆಯದು ಲಟ್ಟಿಸಿದ ಚಪಾತಿ. ಹುಯ್ದ ದೋಸೆ ಹೇಗೆ ಹರಡಿತೋ ಹಾಗೆಯೇ ನಿಲ್ಲುತ್ತದೆ. ಲಟ್ಟಿಸಿದ ಹಿಟ್ಟಿನಿಂದ ಕೈ ತೆಗೆದೊಡನೆ ಅದು ಒಳಕ್ಕೆ ಸರಿಯತೊಡಗುತ್ತದೆ, ಏಕೆಂದರೆ ಅದನ್ನು ಎಳೆದ ಒತ್ತಡ ಅದರೊಳಗೇ ಉಳಿದಿರುತ್ತದೆ. ಕ್ಯಾಲೆಂಡರ್ಡ್ ಫಿಲ್ಮ್ ಕೂಡ ಹೀಗೆಯೇ, ಬಿಸಿಯಾದಾಗಲೆಲ್ಲ ಕುಗ್ಗಲು ಹವಣಿಸುತ್ತದೆ. ಅಂಚಿನಲ್ಲಿ ಅಂಟಿನ ಗೆರೆಯೊಂದು ಕಾಣಿಸಿಕೊಳ್ಳುತ್ತದೆ, ಮೂಲೆ ಬಿಡುತ್ತದೆ.

ಒಳಭಾಗಕ್ಕೆ ಬಿಸಿಲು ತಾಗುವುದಿಲ್ಲ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಗಾಜು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲ್ಮೈ ಹೊರಗಿನ ಗಾಳಿಗಿಂತ ಬಹಳ ಬಿಸಿಯಾಗುತ್ತದೆ, ಬೇಸಿಗೆಯಲ್ಲಿ 70 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಆ ಬಿಸಿಯಲ್ಲಿ ಅಗ್ಗದ ಫಿಲ್ಮ್ ಕುಗ್ಗುವುದಲ್ಲದೆ, ಅದನ್ನು ಮೆದುವಾಗಿಸಲು ಬೆರೆಸಿದ ಪ್ಲಾಸ್ಟಿಸೈಸರ್ ಆವಿಯಾಗಿ ಮುಂಗಾಜಿನ ಒಳಬದಿಯಲ್ಲಿ ಜಿಡ್ಡಿನ ತೆಳು ಪೊರೆಯಾಗಿ ಕೂರುತ್ತದೆ. ಆ ಪೊರೆಯಿಂದ ರಾತ್ರಿ ಎದುರು ವಾಹನದ ದೀಪ ಚದುರಿ ಕಾಣುತ್ತದೆ. ಆದ್ದರಿಂದ ಕಾಸ್ಟ್ ಫಿಲ್ಮನ್ನೇ ಕೊಳ್ಳಿ. ತ್ರೀಎಂ ಸಂಸ್ಥೆಯ 2080 ಸರಣಿ, ಏವರಿ ಡೆನಿಸನ್ ಸಂಸ್ಥೆಯ ಎಸ್‌ಡಬ್ಲ್ಯೂ900 ಮುಂತಾದವು ಈ ಜಾತಿಯವು. ಅಂಟೂ ಸೇರಿ ಇವುಗಳ ದಪ್ಪ 80ರಿಂದ 90 ಮೈಕ್ರಾನಿನಷ್ಟು ಮಾತ್ರ. ಅಂಟಿನ ಬದಿಯಲ್ಲಿ ಗಾಳಿ ಹೊರಹೋಗಲು ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುವುದರಿಂದ ಗುಳ್ಳೆಯನ್ನು ಬೆರಳಿನಿಂದಲೇ ಒತ್ತಿ ಹೊರಹಾಕಬಹುದು. ಸಾಬೂನು ನೀರು ಚಿಮುಕಿಸಿ ಅಂಟಿಸುವ ಹಳೆಯ ಪದ್ಧತಿ ಇಂಥ ಫಿಲ್ಮಿಗೆ ಬೇಡ, ನೀರು ಆ ಕಾಲುವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸುರುಳಿಯ ಅಗಲ ಸಾಮಾನ್ಯವಾಗಿ 1.52 ಮೀಟರ್, ಅಂದರೆ ಐದು ಅಡಿ. ಸಣ್ಣ ಕಾರಿನ ನಾಲ್ಕು ಬಾಗಿಲಿನ ಸ್ವಿಚ್ ಪ್ಯಾನೆಲ್, ಗೇರ್ ಚೌಕಟ್ಟು ಮತ್ತು ಒಂದು ಅಡ್ಡಪಟ್ಟಿಗೆ ಒಂದು ಮೀಟರ್ ಉದ್ದ ಸಾಕಾಗುತ್ತದೆ. ಮೊದಲ ಸಲ ಮಾಡುವವರು ಒಂದೂವರೆ ಮೀಟರ್ ತನ್ನಿ. ಪ್ರತಿ ತುಂಡನ್ನೂ ಪ್ಯಾನೆಲ್‌ಗಿಂತ ಸುತ್ತಲೂ ಐದಾರು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿಕೊಳ್ಳಬೇಕು, ಹಿಡಿಯಲು ಅಂಚು ಸಿಗದಿದ್ದರೆ ಕೆಲಸ ಅರ್ಧದಲ್ಲೇ ಕೆಡುತ್ತದೆ. ಬೀಟೆ ಮರದ ನಮೂನೆಯೋ ಗೀರುಲೋಹದ ನಮೂನೆಯೋ ಆದರೆ ಎಲ್ಲ ತುಂಡುಗಳ ಗೆರೆಯೂ ಒಂದೇ ದಿಕ್ಕಿಗೆ ಬರುವಂತೆ ಮೊದಲೇ ಹಿಂಬದಿಯಲ್ಲಿ ಬಾಣದ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಪ್ಯಾನೆಲ್‌ಗಳನ್ನು ಚೆನ್ನಾಗಿ ಒರೆಸಿ, ಡ್ಯಾಶ್‌ಬೋರ್ಡ್ ಪಾಲಿಶ್ ಹಾಕಿ ಹೊಳಪು ಬರಿಸಿ ನಂತರವೇ ಫಿಲ್ಮ್ ಅಂಟಿಸಿದೆ. ಮರುದಿನವೇ ಕಿತ್ತು ಬಂತು. ಅಂಟು ಹಳೆಯದಾಗಿತ್ತೇ? — ಓದುಗರು, ಶಿವಮೊಗ್ಗ

ಉತ್ತರ: ಅಂಟಿನ ತಪ್ಪಿಲ್ಲ, ಕೆಡಿಸಿದ್ದು ಪಾಲಿಶ್. ಹೊಳಪು ಕೊಡುವ ಅಂಥ ದ್ರವಗಳಲ್ಲಿ ಹೆಚ್ಚಿನವುಗಳಲ್ಲಿ ಸಿಲಿಕೋನ್ ಇರುತ್ತದೆ, ಸಿಲಿಕೋನಿನ ಮೇಲೆ ಫಿಲ್ಮಿನ ಅಂಟು ನಿಲ್ಲುವುದಿಲ್ಲ. ಮೊದಲು ಸಾಬೂನು ನೀರಿನಿಂದ ತೊಳೆದು ಒಣಗಿಸಿ. ನಂತರ ಎರಡು ಪಾಲಿಗಿಂತ ತುಸು ಹೆಚ್ಚು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಒಂದು ಪಾಲು ನೀರು ಬೆರೆಸಿ, ನೂಲು ಬಿಡದ ಬಟ್ಟೆಯಿಂದ ಎರಡು ಮೂರು ಸಲ, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲಿನಿಂದ, ಒರೆಸಿ. ಒಂದೇ ಮಗ್ಗುಲಿನಿಂದ ಒರೆಸುತ್ತಿದ್ದರೆ ಜಿಡ್ಡು ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಕೊನೆಯಲ್ಲಿ ಪ್ಯಾನೆಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ನೀರು ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿದರೆ ಸಿಲಿಕೋನ್ ಇನ್ನೂ ಉಳಿದಿರುವ ಸಾಧ್ಯತೆಯೇ ಹೆಚ್ಚು. ಪೊರೆಯಂತೆ ಹರಡಿದರೆ ಮೇಲ್ಮೈ ಸಿದ್ಧವಾಗಿದೆ. ಆ ಮೇಲೆ ಬರಿಗೈಯಿಂದ ಮುಟ್ಟಬೇಡಿ.

ಇನ್ನೊಂದು ಮಾತು. ಪ್ಯಾನೆಲನ್ನು ಕಳಚಿ ಹಿಂಬದಿಯನ್ನು ನೋಡಿದರೆ ಪ್ಲಾಸ್ಟಿಕ್ಕಿನ ಜಾತಿ ಹೇಳುವ, ಅಚ್ಚಿನಲ್ಲೇ ಮೂಡಿದ ಸಣ್ಣ ಅಕ್ಷರಗಳು ಕಾಣುತ್ತವೆ. ಅಲ್ಲಿ ಎಬಿಎಸ್ ಅಥವಾ ಪಿಸಿ-ಎಬಿಎಸ್ ಎಂದಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಎಂದಿದ್ದರೆ ಅದು ಸ್ವಭಾವತಃ ಅಂಟನ್ನು ಹತ್ತಿರ ಸೇರಿಸದ ಪ್ಲಾಸ್ಟಿಕ್. ಅದಕ್ಕೆ ಅಂಚುಗಳಲ್ಲಿ ಪ್ರೈಮರ್, ಅಂದರೆ ಅಂಟಿನ ಹಿಡಿತ ಹೆಚ್ಚಿಸುವ ದ್ರವ, ಸವರಬೇಕಾಗುತ್ತದೆ. ಚರ್ಮದಂತೆ ಆಳವಾದ ನೆರಿಗೆಗಳಿರುವ ಮೇಲ್ಮೈಗೆ ಫಿಲ್ಮ್ ಹಾಕುವ ಯೋಚನೆಯನ್ನೇ ಬಿಡಿ. ಅಲ್ಲಿ ಅಂಟು ದಿಬ್ಬಗಳ ತುದಿಯನ್ನಷ್ಟೇ ಮುಟ್ಟುತ್ತದೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ.

ಪ್ರಶ್ನೆ: ಡ್ರೈವರ್ ಬದಿಯ ಕಿಟಕಿ ಸ್ವಿಚ್ಚಿನ ಪ್ಯಾನೆಲಿಗೆ ಒಳ್ಳೆಯ ಫಿಲ್ಮನ್ನೇ ಹಾಕಿದೆ. ಮೊದಲ ದಿನ ಕಾರ್ಖಾನೆಯಲ್ಲೇ ಮಾಡಿದಂತಿತ್ತು. ಮೂರು ವಾರದಲ್ಲಿ ಕೈ ಹಿಡಿಯುವ ತಗ್ಗಿನಲ್ಲಿ ಫಿಲ್ಮ್ ಮೇಲೆದ್ದು ಡೇರೆಯಂತೆ ನಿಂತಿದೆ, ಎರಡು ಮೂಲೆಗಳೂ ಬಿಟ್ಟಿವೆ. ಹೀಟ್ ಗನ್ ಹಿಡಿದು ಮತ್ತೆ ಒತ್ತಿದರೆ ಕೂರುತ್ತದೆ, ಮರುವಾರ ಮತ್ತೆ ಏಳುತ್ತದೆ. — ಓದುಗರು, ಬೆಂಗಳೂರು

ಉತ್ತರ: ನನ್ನ ಮೊದಲ ಕಾರಿನಲ್ಲಿ ಇದೇ ಪ್ಯಾನೆಲ್, ಇದೇ ತಗ್ಗು, ಹೀಗೆಯೇ ಎದ್ದಿತ್ತು. ಫಿಲ್ಮನ್ನು ಮೊದಲು ಪ್ಯಾನೆಲಿನ ಎತ್ತರದ ಅಂಚುಗಳಿಗೆ ತಮಟೆಯ ಚರ್ಮದಂತೆ ಬಿಗಿದು, ಆಮೇಲೆ ಬಿಸಿ ಮಾಡಿ ತಗ್ಗಿನೊಳಕ್ಕೆ ಹೆಬ್ಬೆರಳಿನಿಂದ ಒತ್ತಿದ್ದೆ. ನೀವೂ ಹಾಗೆಯೇ ಮಾಡಿರುತ್ತೀರಿ. ಒತ್ತಿದಾಗ ಫಿಲ್ಮ್ ಹಿಗ್ಗಿ ತಳ ಮುಟ್ಟುತ್ತದೆ, ನೋಡಲು ಚಂದವಾಗಿಯೇ ಇರುತ್ತದೆ. ಆದರೆ ವಿನೈಲಿಗೆ ನೆನಪಿದೆ. ಎಳೆದ ಫಿಲ್ಮ್ ತಾನು ಮೊದಲು ಎಷ್ಟು ಉದ್ದವಿದ್ದೆನೋ ಅಷ್ಟಕ್ಕೆ ಮರಳಲು ಸದಾ ಪ್ರಯತ್ನಿಸುತ್ತಿರುತ್ತದೆ, ಕಾರು ಬಿಸಿಲಿನಲ್ಲಿ ನಿಂತಾಗಲೆಲ್ಲ ಆ ಪ್ರಯತ್ನಕ್ಕೆ ಬಲ ಬರುತ್ತದೆ. ಕೊನೆಗೊಂದು ದಿನ ಅಂಟು ಸೋಲುತ್ತದೆ. ನೀವು ಮತ್ತೆ ಬಿಸಿ ಮಾಡಿ ಒತ್ತುವುದೆಂದರೆ ಅದೇ ಎಳೆತವನ್ನು ಇನ್ನೊಂದು ಸಲ ಕೊಡುವುದೇ ಆಗುತ್ತದೆ. ಆ ತುಂಡನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ಕಿತ್ತುಹಾಕಿ.

ಹೊಸ ತುಂಡನ್ನು ಹಾಕುವಾಗ ಕ್ರಮವನ್ನು ತಿರುಗಿಸಬೇಕು: ಮೊದಲು ತಗ್ಗು, ಆಮೇಲೆ ಎತ್ತರ. ಪ್ಯಾನೆಲನ್ನು ಕಳಚಿ ಸ್ವಿಚ್ಚುಗಳನ್ನು ಹಿಂದಿನಿಂದ ಬಿಚ್ಚಿ, ಮಂಡಿಯ ಎತ್ತರದ ಮೇಜಿನ ಮೇಲೆ ಬೆಳಕು ಬೀಳುವಂತೆ ಇಟ್ಟುಕೊಳ್ಳಿ. ಫಿಲ್ಮಿನ ಹಿಂಬದಿಯ ಕಾಗದವನ್ನು ಪೂರ್ತಿ ತೆಗೆದು, ಫಿಲ್ಮ್ ಸಡಿಲವಾಗಿ ತಗ್ಗಿನ ಮೇಲೆ ಜೋಲುವಂತೆ ಹಿಡಿದು, ತಗ್ಗಿನ ಅತ್ಯಂತ ಆಳದ ಜಾಗವನ್ನು ಮೊದಲು ಬೆರಳ ತುದಿಯಿಂದ ಮುಟ್ಟಿಸಿ. ಅಲ್ಲಿಂದ ಹೊರಕ್ಕೆ, ಒಂದೊಂದೇ ಸೆಂಟಿಮೀಟರ್, ಗೋಡೆಯ ಮೇಲೆ ಹತ್ತಿಸುತ್ತ ಬನ್ನಿ. ಹೆಚ್ಚಿನ ಫಿಲ್ಮನ್ನು ಹೊರಗಿನಿಂದ ತಗ್ಗಿನೊಳಕ್ಕೆ ತಳ್ಳಿಕೊಡುತ್ತಿರಬೇಕೇ ಹೊರತು ಒಳಗಿನಿಂದ ಹೊರಕ್ಕೆ ಎಳೆಯಬಾರದು. ಸುಕ್ಕು ಬಿದ್ದರೆ ಗಾಬರಿಯಾಗಬೇಡಿ, ಅದನ್ನು ಒತ್ತಿ ಮಡಿಸಲೂ ಬೇಡಿ; ಹತ್ತಿರದ ಅಂಚನ್ನು ಮೆಲ್ಲಗೆ ಎತ್ತಿ, ಒಂದು ಅಡಿ ದೂರದಿಂದ ಹೀಟ್ ಗನ್ನಿನ ಗಾಳಿ ಸವರಿದರೆ ಕಾಸ್ಟ್ ಫಿಲ್ಮ್ ತಾನಾಗಿಯೇ ನೆಟ್ಟಗಾಗುತ್ತದೆ. ಫಿಲ್ಮಿಗೆ ನೆನಪಿರುವುದು ಇಲ್ಲಿ ನಿಮ್ಮ ಅನುಕೂಲಕ್ಕೇ ಬರುತ್ತದೆ. ಹೀಟ್ ಗನ್ ಇಲ್ಲದವರು ಕೂದಲು ಒಣಗಿಸುವ ಡ್ರೈಯರ್ ಬಳಸಬಹುದು, ಸಣ್ಣ ಪ್ಯಾನೆಲಿಗೆ ಅದರ ಬಿಸಿ ಸಾಕಾಗುತ್ತದೆ.

ತಗ್ಗು ತೀರ ಆಳವಾಗಿದ್ದರೆ, ಅಂದರೆ ಬೆರಳಿನ ಎರಡು ಗೆಣ್ಣಿನಷ್ಟು ಇಳಿಯುವಂತಿದ್ದರೆ, ಒಂದೇ ತುಂಡಿನಲ್ಲಿ ಮಾಡುವ ಹಟ ಬೇಡ. ತಳಕ್ಕೆ ಮತ್ತು ಗೋಡೆಗೆ ಬೇರೆ ತುಂಡು ಹಾಕಿ, ಮೇಲಿನ ತುಂಡು ಅದರ ಮೇಲೆ ನಾಲ್ಕೈದು ಮಿಲಿಮೀಟರ್ ಹಾಯುವಂತೆ, ಮಡಿಕೆಯ ಗೆರೆಯಲ್ಲೇ ಕತ್ತರಿಸಿ ಕೂರಿಸಿ. ಮೈಸೂರಿನ ಕುಸುರಿ ಕೆಲಸದವರು ಬೀಟೆ ಮರದಲ್ಲಿ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸುವಾಗ ಜೋಡಣೆಯ ಗೆರೆಯನ್ನು ಚಿತ್ರದ ಗೆರೆಯೊಳಗೇ ಅಡಗಿಸುತ್ತಾರಲ್ಲ, ಹಾಗೆಯೇ ಇಲ್ಲಿ ಜೋಡಣೆ ನೆರಳಿನಲ್ಲಿ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಎರಡನೆಯ ಕಾರಿನಲ್ಲಿ ಹೀಗೆ ಎರಡು ತುಂಡಿನಲ್ಲಿ ಮಾಡಿದ ಪ್ಯಾನೆಲ್ ಎರಡು ಬೇಸಿಗೆಗಳನ್ನು ಕಂಡಿದೆ, ಅಂಚು ಕದಲಿಲ್ಲ.

ಇನ್ನು ಮೂಲೆಗಳು. ಫಿಲ್ಮನ್ನು ಪ್ಯಾನೆಲಿನ ಅಂಚಿನಲ್ಲೇ ಕತ್ತರಿಸಿದರೆ ಅದು ಬಿಡದೆ ಇರದು. ಹಿಂಬದಿಗೆ ಎಂಟು ಹತ್ತು ಮಿಲಿಮೀಟರ್ ಮಡಚಿ ಅಂಟಿಸಬೇಕು. ಮೂಲೆಯಲ್ಲಿ ಹೆಚ್ಚಾದ ಫಿಲ್ಮ್ ಗುಪ್ಪೆಯಾಗುವಲ್ಲಿ, ಮುಂಬದಿಯಿಂದ ಕಾಣದಂತೆ, ಹಿಂಬದಿಯಲ್ಲಿ ಮಾತ್ರ ಸಣ್ಣ ಸೀಳು ಕೊಡಿ. ಶಾಲಾಪುಸ್ತಕಕ್ಕೆ ಬೈಂಡ್ ಹಾಕುವಾಗ ಬೆನ್ನಿನ ಬಳಿ ಕಾಗದ ಸೀಳುತ್ತಿದ್ದುದನ್ನು ನೆನಪಿಸಿಕೊಂಡರೆ ಕೈಗೆ ತಾನೇ ತಿಳಿಯುತ್ತದೆ. 30 ಡಿಗ್ರಿ ಕೋನದ ಚೂಪು ಅಲಗಿನ ಸಣ್ಣ ಚಾಕು ಬಳಸಿ, ಪ್ರತಿ ಪ್ಯಾನೆಲಿಗೂ ಅಲಗಿನ ತುದಿ ಮುರಿದು ಹೊಸತು ಮಾಡಿಕೊಳ್ಳಿ. ಮೊಂಡು ಅಲಗು ಫಿಲ್ಮನ್ನು ಕತ್ತರಿಸದೆ ಎಳೆಯುತ್ತದೆ.

ಎಲ್ಲ ಮುಗಿದ ಮೇಲೆ ಅಂಚು ಮತ್ತು ತಗ್ಗುಗಳಿಗೆ ಕೊನೆಯ ಬಿಸಿ ಕೊಡಬೇಕು. ಫಿಲ್ಮಿನ ಮೇಲ್ಮೈ ಸುಮಾರು 90 ಡಿಗ್ರಿ ತಲುಪಿದಾಗ ಅದರ ಹಳೆಯ ನೆನಪು ಸಡಿಲಗೊಂಡು ಹೊಸ ಆಕಾರವೇ ನೆಲೆಯಾಗುತ್ತದೆ. ಇದನ್ನು ಅಂದಾಜಿನಿಂದ ಮಾಡದೆ, ಅಡುಗೆಗೂ ಜ್ವರಕ್ಕೂ ಅಲ್ಲದ, ಕಾರ್ಯಾಗಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. ಹೊರಗಿನ ಲೋಹದ ಬಾನೆಟ್ಟಿಗೆ ಕೊಡುವಂತೆ ಇಲ್ಲಿ ಧಾರಾಳವಾಗಿ ಬಿಸಿ ಕೊಡಲಾಗದು, ಏಕೆಂದರೆ ಎಬಿಎಸ್ ಪ್ಲಾಸ್ಟಿಕ್ ಸುಮಾರು 105 ಡಿಗ್ರಿಯ ಹೊತ್ತಿಗೆ ಮೆತ್ತಗಾಗಿ ಸೊಟ್ಟಾಗುತ್ತದೆ. ಗನ್ ಒಂದೇ ಕಡೆ ನಿಲ್ಲಬಾರದು; ಗುರಿಯ ಬಿಸಿ ಕಂಡ ಕ್ಷಣವೇ ಮುಂದೆ ಸಾಗಬೇಕು. ನಂತರ ಒಂದು ಪೂರ್ತಿ ದಿನ ಪ್ಯಾನೆಲನ್ನು ಮುಟ್ಟದೆ ನೆರಳಿನಲ್ಲಿಟ್ಟು ಆಮೇಲೆ ಜೋಡಿಸಿ.

ಪ್ರಶ್ನೆ: ನಮ್ಮೂರಿನ ಬಿಸಿಲಿಗೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಳಿಚಿದೆ. ಒಂದೇ ದೊಡ್ಡ ತುಂಡಿನಲ್ಲಿ ಇಡೀ ಡ್ಯಾಶ್‌ಬೋರ್ಡನ್ನು ಹೊಳೆಯುವ ಕಪ್ಪು ಫಿಲ್ಮಿನಿಂದ ಮುಚ್ಚಬಹುದೇ? ಸ್ಟೀರಿಂಗಿನ ನಡುಭಾಗಕ್ಕೂ ಹಾಕುವ ಆಸೆಯಿದೆ. — ಓದುಗರು, ಕಲಬುರಗಿ

ಉತ್ತರ: ದಯವಿಟ್ಟು ಬೇಡ. ಈ ಪುಟದಲ್ಲಿ ನಾನು ಬರೆದಿರುವುದರಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಸ್ಟೀರಿಂಗಿನ ನಡುವೆ ಡ್ರೈವರನ ಏರ್‌ಬ್ಯಾಗ್ ಇದೆ, ಎಡಬದಿಯ ಡ್ಯಾಶ್‌ಬೋರ್ಡಿನ ಕೆಳಗೆ ಪಕ್ಕದ ಪ್ರಯಾಣಿಕರದ್ದಿದೆ. ನಮ್ಮ ದೇಶದಲ್ಲಿ ಡ್ರೈವರನ ಏರ್‌ಬ್ಯಾಗ್ 2019ರ ಜುಲೈಯಿಂದಲೂ, ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ 2021ರಿಂದಲೂ ಕಡ್ಡಾಯವಾಗಿರುವುದರಿಂದ ಈಚಿನ ಕಾರುಗಳಲ್ಲಿ ಎರಡೂ ಇದ್ದೇ ಇರುತ್ತವೆ. ಹಲವು ಕಾರುಗಳಲ್ಲಿ ಮುಚ್ಚಳದ ಗೆರೆ ಹೊರಗೆ ಕಾಣುವುದೇ ಇಲ್ಲ; ಡ್ಯಾಶ್‌ಬೋರ್ಡಿನ ಚರ್ಮದ ಒಳಬದಿಯಲ್ಲಿ ತೆಳುವಾಗಿ ಕೊರೆದ ಗೆರೆಯುದ್ದಕ್ಕೂ ಅದು ಹರಿದು ತೆರೆದುಕೊಳ್ಳುವಂತೆ ಮಾಡಿರುತ್ತಾರೆ. ಅಪಘಾತವಾದಾಗ ಆ ಚೀಲ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಉಬ್ಬಿ ನಿಲ್ಲಬೇಕು. ಅದರ ಮೇಲೆ ನೀವು ಹಿಗ್ಗುವ, ಹರಿಯದ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಗಿದರೆ ಚೀಲ ತಡವಾಗಬಹುದು, ಅಡ್ಡಾದಿಡ್ಡಿಯಾಗಿ ಹೊರಬರಬಹುದು, ಮುಚ್ಚಳದ ತುಂಡನ್ನು ಮುಖದತ್ತ ಎಸೆಯಬಹುದು. ಪಕ್ಕದ ಆಸನದಲ್ಲಿ ಕೂರುವವರು ನಿಮ್ಮ ಮನೆಯವರೇ ಎಂಬುದನ್ನು ಯೋಚಿಸಿ. ಮುಂಗಾಜಿನ ಪಕ್ಕದ ಕಂಬಗಳ ಮೇಲೆ, ಆಸನದ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಅಚ್ಚು ಇದ್ದರೆ ಅವುಗಳಿಗೂ ಇದೇ ಮಾತು.

ಹೊಳೆಯುವ ಕಪ್ಪಿನ ವಿಷಯದಲ್ಲಿ ಬೇರೊಂದು ಆಕ್ಷೇಪವಿದೆ. ಡ್ಯಾಶ್‌ಬೋರ್ಡಿನ ಮೇಲ್ಮೈ ಹೊಳೆದರೆ ಅದರ ಬಿಂಬ ಮುಂಗಾಜಿನಲ್ಲಿ ಮೂಡಿ, ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಯೇ ಕಾಣದಂತಾಗುತ್ತದೆ. ಕಾರು ತಯಾರಕರು ಆ ಭಾಗವನ್ನು ಮಂಕಾಗಿ ಬಿಟ್ಟಿರುವುದು ಇದೇ ಕಾರಣಕ್ಕೆ. ಗಾಜಿನ ಬುಡದಲ್ಲಿರುವ ಗುಂಡಿಯಾಕಾರದ ಬೆಳಕಿನ ಸಂವೇದಕವನ್ನೂ ಮುಚ್ಚಬಾರದು, ಸ್ವಯಂಚಾಲಿತ ಎಸಿ ಮತ್ತು ದೀಪಗಳು ಅದನ್ನು ನಂಬಿ ಕೆಲಸ ಮಾಡುತ್ತವೆ. ನಿಮ್ಮ ಡ್ಯಾಶ್‌ಬೋರ್ಡಿನ ನಡುವಿನ ಅಡ್ಡಪಟ್ಟಿಯನ್ನು, ಅದು ಬೇರೆಯಾಗಿ ಕಳಚಿ ಬರುವಂತಿದ್ದರೆ ಮತ್ತು ಏರ್‌ಬ್ಯಾಗಿನ ಮುಚ್ಚಳದ ಮೇಲೆ ಹಾಯದಿದ್ದರೆ, ಮ್ಯಾಟ್ ಫಿಲ್ಮಿನಿಂದ ಹೊದಿಸಿ. ಬಿಳಿಚಿದ ಮೇಲ್ಭಾಗವನ್ನು ಹಾಗೆಯೇ ಬಿಡಿ. ಕೆಲಸವನ್ನು ಬೆಳಗಿನ ಜಾವದಲ್ಲಿ ಮಾಡಿ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಫಿಲ್ಮ್ ಕೈಯಲ್ಲೇ ಜೋಲುತ್ತದೆ, ಅಂಟು ಮುಟ್ಟಿದಲ್ಲೇ ಹಿಡಿದು ಎತ್ತಲು ಬಿಡುವುದಿಲ್ಲ.

ಪ್ಯಾನೆಲ್ ಕಳಚುವ ಮುಂಚೆ ಇಗ್ನಿಷನ್ ಆರಿಸಿ, ಬ್ಯಾಟರಿಯ ಋಣ (ಮೈನಸ್) ತಂತಿಯನ್ನು ಬಿಚ್ಚಿ, ಕಾರಿನ ಕೈಪಿಡಿ ಹೇಳುವಷ್ಟು ನಿಮಿಷ ಕಾಯಿರಿ. ಒಳಗೆ ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ತಂತಿ ಕಂಡರೆ ಅದು ಏರ್‌ಬ್ಯಾಗಿನದ್ದು, ಅದರ ತಂಟೆಗೆ ಹೋಗಬೇಡಿ. ಕ್ಲಿಪ್ಪುಗಳನ್ನು ಸ್ಕ್ರೂಡ್ರೈವರಿನಿಂದ ಮೀಟದೆ ಪ್ಲಾಸ್ಟಿಕ್ ಮೀಟುಗೋಲಿನಿಂದಲೇ ಎಬ್ಬಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಅದರ ಸೆಟ್ಟೂ ಬಿಡಿ ಕ್ಲಿಪ್ಪುಗಳೂ ಸಿಗುತ್ತವೆ.

ಪ್ರಶ್ನೆ: ಹತ್ತು ವರ್ಷದ ಕಾರು. ಬಾಗಿಲ ಹಿಡಿಕೆ ಮತ್ತು ಎಸಿ ಪ್ಯಾನೆಲ್ ಮುಟ್ಟಿದರೆ ಹಲಸಿನ ಮೇಣದಂತೆ ಕೈಗೆ ಅಂಟುತ್ತದೆ. ಅದರ ಮೇಲೆಯೇ ಫಿಲ್ಮ್ ಹಾಕಿದರೆ ಅಂಟು ಮುಚ್ಚಿಹೋಗುತ್ತದಲ್ಲವೇ? — ಓದುಗರು, ಮಂಗಳೂರು

ಉತ್ತರ: ಮುಚ್ಚಿಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಅದು ಮುಟ್ಟಲು ಮೃದುವಾಗಿರಲೆಂದು ಕಾರ್ಖಾನೆಯಲ್ಲಿ ಹೊಡೆದ ಪಾಲಿಯುರೆಥೇನ್ ಲೇಪ. ಗಾಳಿಯ ತೇವ ವರ್ಷಗಟ್ಟಲೆ ತಾಗಿ ಅದರ ಕಟ್ಟು ಬಿಚ್ಚಿಕೊಂಡು ಅಂಟಂಟಾಗುತ್ತದೆ. ಕರಾವಳಿಯ ಹವೆಯಲ್ಲಿ ಇದು ಇನ್ನೂ ಬೇಗ. ಫಿಲ್ಮ್ ಆ ಲೇಪವನ್ನು ಹಿಡಿದುಕೊಳ್ಳುತ್ತದೆ, ಲೇಪ ಮಾತ್ರ ಪ್ಲಾಸ್ಟಿಕ್ಕನ್ನು ಬಿಟ್ಟುಬಿಡುತ್ತದೆ. ಪ್ಯಾನೆಲನ್ನು ಕಳಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟು ಉಜ್ಜಿದರೆ ಕಪ್ಪು ಕೊಳೆಯಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ತಾಳ್ಮೆ ಬೇಕು, ಒಂದು ಪ್ಯಾನೆಲಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಅಸಿಟೋನ್ ಅಥವಾ ಥಿನ್ನರ್ ಬಳಸಬೇಡಿ, ಅವು ಕೆಳಗಿನ ಎಬಿಎಸ್ಸನ್ನೇ ಕರಗಿಸುತ್ತವೆ. ಎಸಿ ಗುಂಡಿಗಳ ಮೇಲಿನ ಚಿಹ್ನೆಗಳು ಈ ಲೇಪದಲ್ಲೇ ಕೊರೆದವಾಗಿರುವುದರಿಂದ ಗುಂಡಿಗಳನ್ನು ಮಾತ್ರ ಉಜ್ಜಬೇಡಿ. ಲೇಪ ಹೋದರೆ ಚಿಹ್ನೆಯೂ ಹೋಗುತ್ತದೆ. ಶುದ್ಧವಾದ ಗಟ್ಟಿ ಪ್ಲಾಸ್ಟಿಕ್ ಕಂಡ ಮೇಲೆ ಅದು ಹೊದಿಕೆಗೆ ಬಹಳ ಒಳ್ಳೆಯ ಮೇಲ್ಮೈ.

ಪ್ರಶ್ನೆ: ಒಳಭಾಗದ ಬಣ್ಣ ಬದಲಿಸಿದರೆ ಆರ್‌ಟಿಒ ಅನುಮತಿ ಬೇಕೇ? — ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ನೋಂದಣಿ ಪತ್ರದಲ್ಲಿ ನಮೂದಾಗುವುದು ಕಾರಿನ ಹೊರಮೈ ಬಣ್ಣ. ಅದನ್ನು ಬದಲಿಸುವಾಗ ಮಾತ್ರ ಆ ಪ್ರಶ್ನೆ ಬರುತ್ತದೆ.

ಪ್ರಶ್ನೆ: ಮುಂದಿನ ವರ್ಷ ಕಾರು ಮಾರುವ ಆಲೋಚನೆಯಿದೆ. ಆಗ ಫಿಲ್ಮ್ ತೆಗೆದರೆ ಕೆಳಗಿನ ಪಿಯಾನೊ ಬ್ಲ್ಯಾಕ್ ಪ್ಯಾನೆಲ್ ಮೊದಲಿನಂತೆಯೇ ಸಿಗುತ್ತದೆಯೇ? — ಓದುಗರು, ಮೈಸೂರು

ಉತ್ತರ: ಈಗ ಎಷ್ಟು ಗೀರುಗಳಿವೆಯೋ ಅಷ್ಟರೊಂದಿಗೇ ಸಿಗುತ್ತದೆ, ಕನ್ನಡಿಯಂತೆ ಹೊಳೆಯುವ ಆ ಕಪ್ಪು ಒಣ ಬಟ್ಟೆಯ ಧೂಳಿಗೂ ಗೀಚಿಕೊಳ್ಳುವಷ್ಟು ಸೂಕ್ಷ್ಮ. ಹೊಸ ಕಾರಿನಲ್ಲೇ ಫಿಲ್ಮ್ ಹಾಕಿದ್ದರೆ ಅದು ರಕ್ಷಣೆಯ ಕವಚವೂ ಆಗುತ್ತದೆ. ಎರಡು ವಿಷಯ ನೋಡಿಕೊಳ್ಳಿ. ಒಂದು, ಆ ಹೊಳಪಿನ ಮೇಲೆ ಎಂದೂ ಚಾಕು ಆಡಿಸಬೇಡಿ. ಫಿಲ್ಮ್ ಕತ್ತರಿಸುವ ಕೈಯ ಒತ್ತಡಕ್ಕೆ ಕೆಳಗೂ ಗೆರೆ ಬೀಳುತ್ತದೆ, ಅದು ಫಿಲ್ಮ್ ತೆಗೆದ ದಿನವೇ ಕಾಣುವುದು. ಮುಂಬದಿಯಲ್ಲಿ ಕತ್ತರಿಸಲೇಬೇಕಾದರೆ ಒಳಗೆ ದಾರವಿರುವ ನೈಫ್‌ಲೆಸ್ ಟೇಪ್ ಸಿಗುತ್ತದೆ. ಅದನ್ನು ಮೊದಲು ಅಂಟಿಸಿ, ಮೇಲೆ ಫಿಲ್ಮ್ ಹಾಕಿ, ದಾರವನ್ನು ಎಳೆದರೆ ಫಿಲ್ಮ್ ನೇರವಾಗಿ ಸೀಳುತ್ತದೆ. ಎರಡು, ಮುಂಬದಿಗೆ ಪ್ರೈಮರ್ ಹಚ್ಚಬೇಡಿ, ಹಚ್ಚಿದ ಜಾಗದಲ್ಲಿ ಅಂಟು ಪ್ಯಾನೆಲನ್ನು ಬಿಟ್ಟು ಬರಲು ಒಪ್ಪುವುದಿಲ್ಲ.

ತೆಗೆಯುವಾಗ ಪ್ಯಾನೆಲನ್ನು ಕಳಚಿ ಕೈಗೆ ಹಿತವೆನಿಸುವಷ್ಟು ಬಿಸಿ ಮಾಡಿ. ಹಿಂಬದಿಯ ಒಂದು ಮೂಲೆಯಿಂದ ಶುರುಮಾಡಿ, ಫಿಲ್ಮನ್ನು ಮೇಲಕ್ಕೆ ಎತ್ತದೆ, ಪ್ಯಾನೆಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಅವಸರದಿಂದ ಎಳೆದರೆ ಫಿಲ್ಮ್ ಕೈಗೆ ಬಂದು ಅಂಟು ಅಲ್ಲೇ ಉಳಿಯುತ್ತದೆ. ಉಳಿದ ಅಂಟಿನ ಮೇಲೆ ಆಲ್ಕೋಹಾಲ್ ತೋಯಿಸಿದ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು, ಉಜ್ಜದೆ, ಒಂದೇ ದಿಕ್ಕಿಗೆ ಒರೆಸಿ ತೆಗೆಯಿರಿ.